ಅಕ್ಕನ ಬೆನ್ನಿಗೆ ಬೇಕಾದ ಕಾಲು

ಕುರುಗೋಡಿನಲ್ಲಿ ನಮ್ಮಕ್ಕ ಹಂಪಮ್ಮನ ಕೈಯಡುಗೆ ಉಂಡವರು ಎಷ್ಟು ಮಂದಿ ಇದ್ದಾರೋ, ಅವಳಿಂದ ಒದೆಸಿಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಮಂದಿ ಇದ್ದಾರೆ. ಉಂಡವರ ಹೆಸರು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಏಕೆಂದರೆ ಅಕ್ಕ ಹದಿನೆಂಟು ವರ್ಷದಿಂದ ಅಲ್ಲಿ ಬಿಸಿಯೂಟದ ಅಡುಗೆಯವಳು. ಒದೆಸಿಕೊಂಡವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಊರಿನ ಅನೇಕ ದೊಡ್ಡ ಮನುಷ್ಯರಿಗೆ ತಲೆ ಎತ್ತಿ ತಿರುಗಾಡುವುದು ಕಷ್ಟವಾಗುತ್ತಿತ್ತು.

ಅಕ್ಕ ಹುಟ್ಟುವಾಗ ಎಲ್ಲರಂತೆ ತಲೆ ಮುಂದಾಗಿ ಬರಲಿಲ್ಲ, ಕಾಲು ಮುಂದಾಗಿ ಬಂದಳು. ಹಾಗೆ ಹುಟ್ಟಿದವರು ಒದ್ದರೆ ಸೊಂಟದ ಉಳುಕು, ಬೆನ್ನಿನ ಹಿಡಿತ ಬಿಟ್ಟುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ನೇಮವೂ ಉಂಟು. ಭಾನುವಾರವೇ ಆಗಬೇಕು, ಒದೆಯುವವರೂ ಒದೆಸಿಕೊಳ್ಳುವವರೂ ಹಸಿದ ಹೊಟ್ಟೆಯಲ್ಲಿರಬೇಕು, ಹೊಸ್ತಿಲ ಮೇಲೆ ಬೋರಲು ಮಲಗಬೇಕು, ಎಡಗಾಲಿನ ಹಿಮ್ಮಡಿಯಲ್ಲಿ ಮೂರು ಸಲ. ದುಡ್ಡು ಮುಟ್ಟುವಂತಿಲ್ಲ. ಒದೆಸಿಕೊಂಡವನು ಉಪಕಾರದ ಮಾತು ಆಡದೆ, ಹಿಂದೆ ತಿರುಗಿ ನೋಡದೆ ಹೋಗಬೇಕು. ಒಮ್ಮೆ ಪೊಲೀಸ್ ಸಾಹೇಬರೊಬ್ಬರು ಬನಿಯನ್ನಿನಲ್ಲಿ ನಮ್ಮಕ್ಕನ ಹೊಸ್ತಿಲಿನ ಮೇಲೆ ಅಂಗಾತ ಮಲಗಿ, "ಹಿಂಗಲ್ರಿ ಸಾಹೇಬ್ರ, ಮಗ್ಗಲು ಹೊರಳ್ರಿ, ಹೊಟ್ಟಿಗೆ ಒದೀಲೇನು?" ಎಂದು ಬೈಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಿರಿಯರಿಗೆ ಕಾಲು ತಾಗಿಸುವುದು ಪಾಪ ಅಲ್ಲವೇ? ಅದಕ್ಕೂ ಅಕ್ಕ ದಾರಿ ಕಂಡುಕೊಂಡಿದ್ದಳು. ಮೊದಲು ಒದೆಯುವಳು, ಆಮೇಲೆ ಅವರ ಕಾಲಿಗೆ ಬೀಳುವಳು. ಅವಳ ಅತ್ತೆ ಸಾವಂತ್ರಮ್ಮ ಬದುಕಿದ್ದಷ್ಟು ದಿನ ತಿಂಗಳಿಗೆ ಎರಡು ಸಲ ಬೆನ್ನು ಹಿಡಿಯಿತೆಂದು ತಾವಾಗಿಯೇ ಬಂದು ಮಲಗುತ್ತಿದ್ದರು. ಮನೆಮಂದಿಯೆಲ್ಲ ನಿಂತು ನೋಡುವಾಗ ಅತ್ತೆಗೆ ಒದೆಯುವ ಭಾಗ್ಯ ಬಳ್ಳಾರಿ ಜಿಲ್ಲೆಯಲ್ಲಿ ಇನ್ಯಾವ ಸೊಸೆಗೆ ಸಿಕ್ಕಿತ್ತು? ಆ ಮನೆಯಲ್ಲಿ ಒಂದು ದಿನವೂ ಅತ್ತೆ ಸೊಸೆ ಜಗಳ ಆಗಲಿಲ್ಲ.

ಈಗ ಅತ್ತೆಯೂ ಇಲ್ಲ, ಭಾವನೂ ಇಲ್ಲ. ಮಕ್ಕಳಾಗಲಿಲ್ಲ. ಅಕ್ಕನ ಮನೆ ನಮ್ಮ ಮನೆಯ ಪಕ್ಕದಲ್ಲೇ. ನಾನು ಅವಳ ತಮ್ಮ ಚಿನ್ನಪ್ಪ, ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದೇನೆ. ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಎದೆಯಲ್ಲಿ ಗಂಟಾಗಿ, ಅದು ಕ್ಯಾನ್ಸರ್ ಎಂದಾಗಿ, ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಕೂದಲು ಉದುರಿತು, ಮತ್ತೆ ಬಂತು. ಎರಡು ವರ್ಷ ಚೆಕಪ್ಪಿಗೆ ಹೋದಳು. ಆಮೇಲೆ, "ಹೋದ ರೋಗಾನ ಕೇಳಾಕ ಯಾಕ ಹೋಗ್ಬೇಕು" ಎಂದು ಬಿಟ್ಟುಬಿಟ್ಟಳು. ನಾವೂ ಸುಮ್ಮನಾದೆವು.

ಹೋದ ವರ್ಷ ದಸರೆ ರಜೆ ಮುಗಿದು ಶಾಲೆ ಶುರುವಾದ ವಾರ ಅಕ್ಕನಿಗೆ ಬೆನ್ನು ನೋವು ಬಂತು. ಭುಜದ ಎಲುಬುಗಳ ನಡುವೆ, ಸ್ವಲ್ಪ ಕೆಳಗೆ. ಅನ್ನದ ಡಬರಿ ಎತ್ತುವಾಗ ಹಿಡಿದಿದೆ ಎಂದಳು. ನಾನೂ ಒಪ್ಪಿದೆ, ಯಾಕೆಂದರೆ ಆ ಡಬರಿಯನ್ನು ನಾನು ಒಮ್ಮೆ ಎತ್ತಲು ಹೋಗಿ ಅಲ್ಲೇ ಬಿಟ್ಟು ಬಂದವನು.

ನನ್ನ ಹೆಂಡತಿ ನೇತ್ರಾ ಮಾತ್ರ ಮೊದಲ ದಿನವೇ ಅಂದಳು. "ಅಕ್ಕಗ ಮೊದ್ಲು ಕ್ಯಾನ್ಸರ್ ಆಗಿತ್ತಲ್ಲ. ಒಂದ್ಸಲ ಬಳ್ಳಾರಿಗೆ ಕರ್ಕೊಂಡು ಹೋಗಿ ತೋರಿಸ್ರಿ."

"ಅದು ಆಗಿದ್ದು ಎದಿಗೆ, ನೋವು ಬಂದಿದ್ದು ಬೆನ್ನಿಗೆ. ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದೆ ನಾನು. ಎದೆಗೂ ಬೆನ್ನಿಗೂ ನಡುವೆ ಒಂದು ಗೇಣು ದೂರವೂ ಇಲ್ಲ ಎಂಬುದು ಮೂವತ್ತು ವರ್ಷದಿಂದ ಊರಿನವರ ಮೈಯಳತೆ ತೆಗೆಯುವ ನನಗೆ ಹೊಳೆಯಲಿಲ್ಲ. ಆ ಮಾತು ನೆನೆದರೆ ಈಗಲೂ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಉಳುಕು ಅಂದಮೇಲೆ ಮದ್ದು ಗೊತ್ತೇ ಇತ್ತು. ತೊಡಕು ಒಂದೇ. ಊರಿಗೆಲ್ಲ ಒದೆಯುವವಳಿಗೆ ಒದೆಯುವವರು ಯಾರು?

ಮೊದಲ ಭಾನುವಾರ ಅಕ್ಕ ತನ್ನ ಹಿಮ್ಮಡಿಯನ್ನು ತಾನೇ ತನ್ನ ಬೆನ್ನಿಗೆ ಮುಟ್ಟಿಸಲು ನೋಡಿದಳು. ಐವತ್ತೆಂಟು ವರ್ಷದ ಹೆಂಗಸು, ಮಂಚದ ಕಾಲು ಹಿಡಿದುಕೊಂಡು ಎಡಗಾಲನ್ನು ಹಿಂದಕ್ಕೆ ಮಡಚುತ್ತ ಅರ್ಧ ಗಂಟೆ ಒದ್ದಾಡಿದಳು. ಮೊಣಕಾಲು ನೋವು ಹೊಸದಾಗಿ ಬಂತು, ಬೆನ್ನು ನೋವು ಇದ್ದ ಹಾಗೇ ಇತ್ತು.

ಎರಡನೆಯ ಭಾನುವಾರ ಅವಳಿಗೆ ಹೊಸ ವಿಚಾರ ಹೊಳೆಯಿತು. ಗುಣ ಇರುವುದು ಕಾಲಲ್ಲಿ, ಕಾಲು ಇರುವುದು ಚಪ್ಪಲಿಯಲ್ಲಿ, ಆದ್ದರಿಂದ ಚಪ್ಪಲಿಗೂ ಸ್ವಲ್ಪ ಗುಣ ಇಳಿದಿರಬೇಕು. ತನ್ನ ಎಡಗಾಲಿನ ಚಪ್ಪಲಿ ನನ್ನ ಕೈಗೆ ಕೊಟ್ಟು ಹೊಸ್ತಿಲ ಮೇಲೆ ಮಲಗಿದಳು. ನಾನು ದೇವರನ್ನು ನೆನೆದು ಮೆಲ್ಲಗೆ ಒಂದು ಸಲ ತಾಗಿಸಿದೆ, ಎರಡು ಸಲ ತಾಗಿಸಿದೆ. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಎದುರುಮನೆಯ ತಿಪ್ಪೇಶ ಓಡಿಬಂದು ನನ್ನ ಕುತ್ತಿಗೆಪಟ್ಟಿ ಹಿಡಿದ. "ಹಡದವ್ವನಂಗ ಸಾಕಿದ ಅಕ್ಕಗ ಚಪ್ಪಲಿಲೆ ಹೊಡಿತಿಯೇನಲೇ?" ಇಡೀ ಓಣಿ ಸೇರಿತು. ಅಕ್ಕ ಮಲಗಿದಲ್ಲಿಂದಲೇ ನೇಮ ವಿವರಿಸಿದಳು, ಆದರೆ ಒಂದು ವಾರ ಯಾರೂ ನನ್ನ ಅಂಗಡಿಗೆ ಬಟ್ಟೆ ತರಲಿಲ್ಲ. ಆ ಮೂರನೆಯ ಏಟು ಬೀಳದಿದ್ದದ್ದಕ್ಕೆ ತಿಪ್ಪೇಶನಿಗೆ ನಾನು ಈಗ ಕೈಮುಗಿಯುತ್ತೇನೆ.

ಅಷ್ಟರಲ್ಲಿ ಬೇರೆ ಬೇರೆ ಸಂಗತಿಗಳು ನಡೆಯುತ್ತಿದ್ದವು. ಒಂದೊಂದಕ್ಕೂ ನಮ್ಮ ಹತ್ತಿರ ಒಂದೊಂದು ಕಾರಣ ಸಿದ್ಧವಾಗಿತ್ತು. ಮಲಗಿದರೆ ನೋವು ಹೆಚ್ಚಾಗುತ್ತದೆಂದು ಅಕ್ಕ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಹಾಸಿಗೆ ಸರಿಯಿಲ್ಲ ಎಂದು ನಾನು ಹತ್ತಿ ಬಡಿಸಿ ಹೊಸದು ಹೊಲಿದುಕೊಟ್ಟೆ. ಕೆಮ್ಮಿದರೆ, ಸೀನಿದರೆ ಬೆನ್ನಿನಿಂದ ಎದೆಯ ಸುತ್ತ ಒಳಲಂಗದ ಲಾಡಿ ಬಿಗಿದಂತಾಗುತ್ತದೆ ಎಂದಳು. ಅದು ಗ್ಯಾಸು ಎಂದು ತೀರ್ಮಾನಿಸಿ ಓಂಕಾಳು ಕುದಿಸಿ ಕುಡಿಸಿದೆವು. ಆಮೇಲೆ ಅವಳ ಎಡಗಾಲಿನ ಚಪ್ಪಲಿ ಕಳೆಯತೊಡಗಿತು. ಶಾಲೆಗೆ ಹೊರಟವಳು ಒಂದೇ ಚಪ್ಪಲಿಯಲ್ಲಿ ತಲುಪುತ್ತಿದ್ದಳು. ಇನ್ನೊಂದು ದಾರಿಯಲ್ಲಿ ಎಲ್ಲಿ ಬಿಟ್ಟುಹೋಯಿತೋ ಅವಳಿಗೆ ತಿಳಿಯುತ್ತಿರಲಿಲ್ಲ. ಮೂರು ಸಲ ಹೀಗಾದ ಮೇಲೆ ತಿಪ್ಪೇಶನ ನಾಯಿಯೇ ಕಳ್ಳ ಎಂದು ಸಾರಿ, ಅದರ ಹಿಂದೆ ಕೋಲು ಹಿಡಿದು ಹೋಗಿ, ಹತ್ತು ಹೆಜ್ಜೆಗೆ ಮುಗ್ಗರಿಸಿದಳು. ನಡೆದರೆ ಹತ್ತಿಯ ರಾಶಿಯ ಮೇಲೆ ಕಾಲಿಟ್ಟ ಹಾಗೆ ಅನ್ನಿಸುತ್ತದೆ ಎಂದಳು. ವಯಸ್ಸಾಯಿತು ಎಂದೆ.

ಮೂರನೆಯ ವಾರಕ್ಕೆ ನನ್ನ ಅಂಗಡಿಯ ಕಟ್ಟೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಕಾಲು ಮುಂದಾಗಿ ಹುಟ್ಟಿದವರು ಈಗ ಎಲ್ಲಿದ್ದಾರೆ? ಕೂಸಿನ ಕಾಲು ಮುಂದಿದೆ ಎಂದು ಗೊತ್ತಾದರೆ ಸಾಕು, ಡಾಕ್ಟರು ಹೊಟ್ಟೆ ಕೊಯ್ದು ತೆಗೆದುಬಿಡುತ್ತಾರೆ. ಒಬ್ಬ ತನ್ನ ಅಕ್ಕನ ಮಗಳ ಹೆಸರು ಹೇಳಿದ. ಸ್ಕ್ಯಾನಿಂಗಿನಲ್ಲಿ ಕಾಲೇ ಮುಂದಿತ್ತಂತೆ, ಹುಟ್ಟಿದ್ದು ಮಾತ್ರ ಆಪರೇಷನ್ನಿನಲ್ಲಿ. ಅವಳು ಒದ್ದರೆ ನಡೆಯುತ್ತದೆಯೋ ಇಲ್ಲವೋ ಎಂದು ಅಕ್ಕನನ್ನೇ ಕೇಳಿದೆವು.

"ಅದು ಹುಟ್ಟಿದ್ದಲ್ಲ, ತಗದಿದ್ದು," ಎಂದು ಅವಳು ಅರ್ಜಿ ವಜಾ ಮಾಡಿದಳು.

ಕೊನೆಗೆ ಅಕ್ಕಿ ವ್ಯಾಪಾರಿಯೊಬ್ಬ ಸಿರುಗುಪ್ಪದ ದುರುಗಣ್ಣನ ಸುದ್ದಿ ಹೇಳಿದ. ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ. ಕಾಲು ಮುಂದಾಗಿ ಹುಟ್ಟಿದವನು, ಮಿಲ್ಲಿನ ಹಮಾಲರ ಸೊಂಟವನ್ನೆಲ್ಲ ಮೂವತ್ತು ವರ್ಷದಿಂದ ಕಾಯುತ್ತಿರುವವನು. ಭಾನುವಾರ ಬೆಳಗಿನ ಬಸ್ಸಿಗೆ ಹಸಿದ ಹೊಟ್ಟೆಯಲ್ಲಿ ಅಕ್ಕ ತಮ್ಮ ಹೊರಟೆವು. ಬಸ್ಸು ಕುಣಿದಾಗಲೆಲ್ಲ ಅಕ್ಕ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು, ಬಾಯಿಬಿಟ್ಟು ನೋವು ಅನ್ನಲಿಲ್ಲ.

ದುರುಗಣ್ಣ ಬಾಗಿಲಷ್ಟೇ ಅಗಲದ ಆಳು, ಮಾತು ಮಾತ್ರ ಮೆತ್ತಗೆ. ವಿಷಯ ಕೇಳಿದ ಕೂಡಲೇ ಕಾಲು ತೊಳೆದುಕೊಂಡು ಬಂದ. ಆದರೆ ಅಕ್ಕ ಕಸುಬು ಬಲ್ಲವಳು, ಸುಮ್ಮನೆ ಬೆನ್ನು ಕೊಡುವವಳಲ್ಲ.

"ಯಾವ ಕಾಲು ಮೊದ್ಲು ಬಂದಿತ್ತಪ್ಪ ನಿಂದು?" ಎಂದು ಕೇಳಿದಳು.

ದುರುಗಣ್ಣನಿಗೆ ಗೊತ್ತಿರಲಿಲ್ಲ. ಒಳಗೆ ಎಲೆಯಡಿಕೆ ಕುಟ್ಟುತ್ತಿದ್ದ ತಾಯಿ ವಿರೂಪಮ್ಮನನ್ನು ಕೂಗಿ ಕೇಳಿದ. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂದ, ನೆನಪು ಚುರುಕು.

"ನಿನಗೆಲ್ಲಿ ಕಾಲು ಮುಂದ ಬಂದಿತ್ತಪ? ನೀ ತಲಿ ಮುಂದಾಗೇ ಬಂದಿ. ಕಾಲು ಮುಂದಾಗಿ ಬಂದಾಕಿ ನಿಮ್ಮಕ್ಕನ ಮಗಳು, ಶೈಲಜಾ. ಇದ ಮನ್ಯಾಗ ಹುಟ್ಟ್ಯಾಳ, ನಾನ ಹಿಡದೀನಿ."

ದುರುಗಣ್ಣ ತೊಳೆದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. "ಮತ್ತ ಮೂವತ್ತು ವರ್ಷದಿಂದ ಮಂದಿಗೆ ಒದಿಯಾಕತ್ತೀನಿ. ಒಂದ್ಸಲನೂ ಹೇಳಲಿಲ್ಲಲ್ಲವ್ವ?"

"ನೀ ಕೇಳಲಿಲ್ಲ. ಮಂದಿ ಬರ್ತಿದ್ರು, ನೀ ಒದಿತಿದ್ದಿ. ಮಿಲ್ಲಿನಾಗ ಏನೋ ಜಗಳ ಇರ್ಬೇಕು ಅಂದ್ಕೊಂಡಿದ್ದೆ."

"ಅವ್ರಿಗೆಲ್ಲ ವಾಸಿ ಆಗೇತಲ್ಲಬೇ?"

"ಉಳುಕು ನಾಕು ದಿನಕ್ಕ ತಾನ ಹೋಗ್ತೈತಿ," ಎಂದಳು ಮುದುಕಿ. ಅಕ್ಕ ಈ ಮಾತು ಕೇಳಿಸದವಳಂತೆ ಸೂರಿನ ಕಡೆ ನೋಡಿದಳು.

ಶೈಲಜಾ ಬಳ್ಳಾರಿಯ ಗಾಂಧಿನಗರದಲ್ಲಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸು, ಭಾನುವಾರ ಮನೆಯಲ್ಲೇ ಇರುತ್ತಾಳೆ ಎಂದು ತಿಳಿಯಿತು. ಅಕ್ಕ ಅಲ್ಲಿಗೆ ಹೋಗಲೇಬೇಕೆಂದಳು. ದುರುಗಣ್ಣನೂ ನಮ್ಮೊಂದಿಗೆ ಹೊರಟ. ಮೂವತ್ತು ವರ್ಷದ ಪಾಪಕ್ಕೆ ಒಂದು ಸರಿಯಾದ ಕಾಲನ್ನಾದರೂ ತೋರಿಸಿಕೊಡಬೇಕೆಂಬ ಆಸೆ ಅವನ ಮುಖದ ಮೇಲೆ ಕಾಣುತ್ತಿತ್ತು.

ಬಳ್ಳಾರಿಯಲ್ಲಿ ಬಸ್ಸಿನ ಮೆಟ್ಟಿಲು ಇಳಿಯುವಾಗ ಅಕ್ಕನ ಮೊಣಕಾಲು ಎರಡೂ ಒಟ್ಟಿಗೆ ಮಡಚಿಕೊಂಡವು. ಅವಳು ಎಡವಲಿಲ್ಲ, ಜಾರಲಿಲ್ಲ. ನಿಂತವಳು ನಿಂತಲ್ಲೇ ಕುಸಿದಳು. ದುರುಗಣ್ಣ ಕೆಳಗಿದ್ದದ್ದಕ್ಕೆ ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಕ್ಕ ಎರಡೂ ಕಾಲನ್ನು ನೋಡಿಕೊಂಡು, "ಇವು ಯಾಕ ಮಾತು ಕೇಳವಲ್ವು?" ಎಂದಳು. ಆಗ ನನಗೆ ಮೊದಲ ಸಲ ಭಯವಾಯಿತು. ಆದರೂ ಆಸ್ಪತ್ರೆ ಎಂಬುದು ನನ್ನ ತಲೆಗೆ ಬರಲಿಲ್ಲ, ಗಾಂಧಿನಗರಕ್ಕೆ ಆಟೋ ಕರೆದೆ. ನನ್ನಂಥ ಮೂರ್ಖನನ್ನು ನೀವು ನೋಡಿರಲಿಕ್ಕಿಲ್ಲ.

ಶೈಲಜಾ ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದು ಬಾಗಿಲು ತೆರೆದಳು. ಮೂವತ್ತೈದರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ದುರುಗಣ್ಣ ವಿಷಯ ಹೇಳಿ ಮುಗಿಸುವ ಮೊದಲೇ ಅಕ್ಕ ಅವನ ಕೈಯಿಂದ ಇಳಿದು ಹೊಸ್ತಿಲ ಮೇಲೆ ಬೋರಲು ಬಿದ್ದುಕೊಂಡು, "ಹೂಂ, ಎಡಗಾಲು. ಮೂರು ಸಲ," ಎಂದಳು.

ಶೈಲಜಾ ಕಾಲು ಎತ್ತಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ದೊಡ್ಡಮ್ಮ, ನೋವು ಮಕ್ಕೊಂಡ್ರ ಹೆಚ್ಚು ಆಗ್ತೈತೋ, ಕಡಿಮಿ ಆಗ್ತೈತೋ?"

"ಹೆಚ್ಚು. ಕುಂತೇ ಮಲಗ್ತೀನಿ."

"ಕೆಮ್ಮಿದ್ರ?"

"ಎದಿ ಸುತ್ತ ಬಿಗಿತೈತಿ. ಅದು ಗ್ಯಾಸು. ನೀ ಒದಿಯವ್ವ ಮೊದ್ಲು."

"ಮುಂಚೆ ಏನಾದ್ರು ಆಪರೇಷನ್ ಆಗೇತೇನ್ರಿ?"

ನಾನು ಹೇಳಿದೆ. ಶೈಲಜಾಳ ಮುಖ ಬದಲಾಯಿತು. ಅವಳು ಕೆಲಸ ಮಾಡುತ್ತಿದ್ದದ್ದು ಕ್ಯಾನ್ಸರ್ ವಾರ್ಡಿನಲ್ಲೇ ಎಂಬುದು ನಮಗೆ ಆಮೇಲೆ ಗೊತ್ತಾಯಿತು. "ಕಡೀಗೆ ಉಚ್ಚಿ ಹೋಗಿದ್ದು ಯಾವಾಗ?"

"ಗಂಡಸ್ರ ಮುಂದ ಇವನ್ನೆಲ್ಲ ಕೇಳ್ತಾರೇನವ್ವ?" ಎಂದಳು ಅಕ್ಕ. ಶೈಲಜಾ ನಮ್ಮಿಬ್ಬರನ್ನೂ ಗೋಡೆಯ ಕಡೆ ತಿರುಗಿ ನಿಲ್ಲಿ ಎಂದಳು. ದುರುಗಣ್ಣ ತಿರುಗುವುದರ ಜೊತೆಗೆ ಕಿವಿಯನ್ನೂ ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ. ಹಿಂದಿನ ರಾತ್ರಿಯಿಂದ ಹೋಗಿಲ್ಲ, ತಿಣುಕಿದರೂ ಬರುತ್ತಿಲ್ಲ, ಸಂಡಾಸಿಗೆ ಹೋಗಿ ಐದು ದಿನವಾಯಿತು ಎಂದು ಅಕ್ಕ ಪಿಸುಗುಡುವುದು ನನಗೆ ಕೇಳಿಸಿತು. ಪಕ್ಕದ ಮನೆಯಲ್ಲೇ ಇದ್ದು ನನಗೆ ಇದು ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

"ಈಗ ಕಣ್ಣು ಮುಚ್ಚ್ರಿ ದೊಡ್ಡಮ್ಮ. ನಾ ನಿಮ್ಮ ಯಾವ ಬೆರಳು ಹಿಡದೀನಿ ಹೇಳ್ರಿ."

"ಹಿಡಿ ಮೊದ್ಲು, ಆಮ್ಯಾಲ ಕೇಳು."

ನಾನು ತಿರುಗಿ ನೋಡಿದೆ. ಶೈಲಜಾ ಅವಳ ಎಡಗಾಲಿನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದಳು. "ಇನ್ನೂ ಯಾಕ ಹಿಡಿವಲ್ಲಿ?" ಎಂದು ಕೇಳಿದಳು.

ಶೈಲಜಾ ಎದ್ದು ಫೋನ್ ಕೈಗೆತ್ತಿಕೊಂಡಳು. ಅಂಬುಲೆನ್ಸಿಗೂ ವಾರ್ಡಿಗೂ ಮಾತಾಡಿ ನನ್ನ ಕಡೆ ತಿರುಗಿದಳು. "ಎದ್ಯಾಗಿದ್ದ ಕ್ಯಾನ್ಸರ್ ಬೆನ್ನೆಲುಬಿಗೆ ಬಂದಿರ್ಬೇಕು ಅನ್ನಿಸ್ತೈತಿ. ಒಳಗಿನ ನರದ ಹುರಿ ಒತ್ತಾಕತ್ತೈತಿ. ಫೋಟೋ ತಗದ ಮ್ಯಾಲೆ ಡಾಕ್ಟರು ಖಾತ್ರಿ ಹೇಳ್ತಾರ. ಆದ್ರ ನಾಳಿ ತನಕ ತಡಿಯಂಗಿಲ್ಲ, ತಡದ್ರ ಕಾಲು ಪೂರ್ತಿ ಹೋಗ್ತಾವ. ಇನ್ನ ಇವ್ರನ್ನ ಕುಂದ್ರಿಸಬ್ಯಾಡ್ರಿ, ನಿಂದ್ರಿಸಬ್ಯಾಡ್ರಿ, ಬೆನ್ನು ತಿರುವಬ್ಯಾಡ್ರಿ. ಉದ್ದಕ್ಕ ಮಲಗಿರ್ಲಿ."

"ಆತು ಹೋಗೋಣು," ಎಂದಳು ಅಕ್ಕ ನೆಲದಿಂದ. "ಗಾಡಿ ಬರಾದ್ರಾಗ ಒಂದ್ಸಲ ಒದ್ದುಬಿಡು. ಭಾನುವಾರ ಐತಿ, ಹಸ್ಕೊಂಡು ಬಂದೀನಿ, ಸುಮ್ನ ಹಾಳಾಗ್ತೈತಿ."

"ದೊಡ್ಡಮ್ಮ, ಈ ಎಲುಬು ಈಗ ಹಪ್ಪಳಾಗಿರ್ತೈತಿ. ಒದ್ರ ಮುರಿತೈತಿ. ಆಪರೇಷನ್ ಆದಾಗ ನಿಮಗೊಂದು ಹಾಳಿ ಕೊಟ್ಟಿರ್ಬೇಕಲ್ರಿ? ಬೆನ್ನು ನೋವು ಬಂದ್ರ, ಕಾಲು ಸೋತ್ರ ಅವತ್ತ ಬರ್ರಿ ಅಂತ ಬರದಿರ್ತಾರ."

"ಕೊಟ್ಟಿದ್ರು. ದಪ್ಪ ಹಾಳಿ, ಚಲೋ ಇತ್ತು. ಖಾರದಪುಡಿ ಡಬ್ಬಿ ತಳಕ್ಕ ಹಾಸೀನಿ."

ಅಂಬುಲೆನ್ಸ್ ಬಂದಾಗ ನಾಲ್ಕು ಜನ ಸೇರಿ ಅವಳನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಸ್ಟ್ರೆಚರಿಗೆ ಹಾಕಿದರು. ತಲೆಯ ಕಡೆ ದುರುಗಣ್ಣ ಹಿಡಿದ.

ಆಸ್ಪತ್ರೆಯಲ್ಲಿ ಮೊದಲು ಕೈಗೆ ಒಂದು ಇಂಜೆಕ್ಷನ್, ಊತ ಇಳಿಸಲಿಕ್ಕಂತೆ. ಉಚ್ಚೆಗೆ ನಳಿಗೆ. ಆಮೇಲೆ ಎಂಆರ್‌ಐ. ಆ ಮಿಷನ್ನಿನೊಳಗೆ ಹೋಗಿ ಬಂದ ಅಕ್ಕ, "ಒಳಗ ಯಾರೋ ತಗಡು ಬಡಿಯಾಕತ್ತಾರ, ಕೆಲಸಕ್ಕಿಂತ ಸಪ್ಪಳ ಹೆಚ್ಚು," ಎಂದು ದೂರಿದಳು. ವೈದ್ಯೆಯೊಬ್ಬರು ಫೋಟೋ ತೋರಿಸಿದರು. ಬೆನ್ನಿನ ನಡುವಿನ ಒಂದು ಎಲುಬು ಕುಸಿದು ಒಳಗಿನ ಹುರಿಯನ್ನು ಒತ್ತಿತ್ತು. ನಡೆಯುತ್ತಿರುವಾಗಲೇ ಬಂದವರು ಹೆಚ್ಚಾಗಿ ನಡೆಯುತ್ತಲೇ ಹೋಗುತ್ತಾರೆ, ಕಾಲು ಬಿದ್ದ ಮೇಲೆ ಬಂದವರ ಮಾತು ಹೇಳುವುದು ಕಷ್ಟ, ಇವರು ಎರಡರ ನಡುವೆ ಇದ್ದಾರೆ ಎಂದರು. ಬೆಳಗ್ಗೆಯೇ ಕರೆಂಟು ಕೊಡುವುದಾಗಿ ಹೇಳಿದರು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು.

"ಮೂರು ವಾರ ಮೊದ್ಲು ಬಂದಿದ್ರ?" ಎಂದು ಕೇಳಿದೆ.

ಅವರು, "ಈಗ ಬಂದೀರಲ್ಲ, ಮುಂದಿಂದು ನೋಡೋಣ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಬಂದು ನೇತ್ರಾಗೆ ಫೋನ್ ಮಾಡಿ, ನೀ ಹೇಳಿದ್ದೇ ಸರಿ ಇತ್ತು ಎಂದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಈ ಮಾತು ಹೇಳಿದ್ದು ಅದೇ ಮೊದಲು. ಅವಳು ಗೆದ್ದೆ ಎನ್ನಲಿಲ್ಲ, ಅತ್ತಳು.

ಐದು ದಿನ ಕರೆಂಟು ಕೊಟ್ಟರು. ಅಕ್ಕ ಚಪ್ಪಟೆ ಮಲಗಿಯೇ ವಾರ್ಡನ್ನು ಆಳಿದಳು. ಆಸ್ಪತ್ರೆಯ ಸಾರಿಗೆ ಉಪ್ಪು ಸಾಲದೆಂದು ಅಡುಗೆಯವರನ್ನು ಕರೆಸಿದಳು. ಪಕ್ಕದ ಮಂಚದ ಸಂಗನಕಲ್ಲಿನ ಮುದುಕಿಗೆ, "ಬೆನ್ನು ನೋವಾದ್ರ ಮುಚ್ಚಿಡಬ್ಯಾಡ್ರಿ, ಹೇಳ್ರಿ," ಎಂದು ದಿನಾ ಗದರಿದಳು. ದುರುಗಣ್ಣ ಸಿರುಗುಪ್ಪದಿಂದ ದಿನ ಬಿಟ್ಟು ದಿನ ಬಂದು ಬಾಗಿಲ ಬಳಿ ನಿಂತು ಹೋಗುತ್ತಿದ್ದ. ಪ್ರತಿ ಬೆಳಗ್ಗೆ ವೈದ್ಯೆ ಬಂದು ಬೆರಳು ಹಿಡಿದು ಕೇಳುತ್ತಿದ್ದರು, ಅಕ್ಕ ಪ್ರತಿ ಬೆಳಗ್ಗೆ ತಪ್ಪು ಹೇಳುತ್ತಿದ್ದಳು. ನಾನು ಒಂದು ಸಲ ಕಣ್ಣಿನಿಂದ ಸನ್ನೆ ಮಾಡಿ ಉತ್ತರ ಹೇಳಿಕೊಡಲು ಹೋದೆ, ಅವಳ ಕಣ್ಣು ಮುಚ್ಚಿದೆ ಎಂಬುದನ್ನೇ ಮರೆತು. ಆರನೆಯ ದಿನ ಅವಳು ಬಲಗಾಲಿನ ಹೆಬ್ಬೆರಳನ್ನು ಸರಿಯಾಗಿ ಹೇಳಿದಳು. ಎಡಗಾಲಿನದು ಗೊತ್ತಾಗಲಿಲ್ಲ.

ರೋಗ ಪೂರ್ತಿ ಹೋಗುವಂಥದ್ದಲ್ಲ, ಮಾತ್ರೆ ಮತ್ತು ಇಂಜೆಕ್ಷನ್ನಿನಲ್ಲಿ ಹಿಡಿದಿಡುವುದಷ್ಟೇ ಎಂದು ವೈದ್ಯೆ ಅವಳಿಗೇ ನೇರವಾಗಿ ಹೇಳಿದರು. ಅಕ್ಕ, "ಎಷ್ಟು ದಿನ ಅಂತ ನಾ ಕೇಳಂಗಿಲ್ರಿ. ಇದ್ದಷ್ಟು ದಿನ ನನ್ನ ಸಂಡಾಸಿಗೆ ನಾನ ನಡದು ಹೋಗ್ಬೇಕು, ಅಷ್ಟು ಮಾಡಿಕೊಡ್ರಿ," ಎಂದಳು.

ಹನ್ನೊಂದನೆಯ ದಿನ ಅವಳ ಎದೆಗೂ ಬೆನ್ನಿಗೂ ಸೇರಿ ಒಂದು ಪಟ್ಟಿ ಬಿಗಿದು ನಿಲ್ಲಿಸಿ ನೋಡೋಣ ಎಂದರು. ಎಡಕ್ಕೆ ಶೈಲಜಾ, ಬಲಕ್ಕೆ ಇನ್ನೊಬ್ಬ ನರ್ಸು, ಎದುರಿಗೆ ನಾನು. ಅಕ್ಕ ಎರಡೂ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟಳು. ಮೊಣಕಾಲು ನಡುಗಿತು, ಮಡಚಿಕೊಳ್ಳಲು ನೋಡಿತು, ನಿಂತಿತು. ಶೈಲಜಾ ಕೈ ಬಿಟ್ಟಳು, ಆ ನರ್ಸೂ ಬಿಟ್ಟಳು. ಅಕ್ಕ ನಿಂತಿದ್ದಳು. ಅವಳ ಮುಖ ನನ್ನ ಮುಖದ ಎದುರಿಗೇ ಇತ್ತು, ಹಣೆಯ ತುಂಬ ಬೆವರಿತ್ತು. ನನ್ನಿಂದ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅಳು ಬಂತು, ಮೈಯೆಲ್ಲ ಅಲುಗಾಡಿತು.

"ಲೇ ಚಿನ್ನಪ್ಪ," ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. "ಅಳಾದಿದ್ರ ಆಮ್ಯಾಲ ಅಳು. ನೀ ಅಲುಗಾಡಿದ್ರ ನಾ ಬೀಳ್ತೀನಿ."

ನಾನು ಉಸಿರು ಬಿಗಿಹಿಡಿದು ನಿಂತೆ.